ಫಿಲ್ಮ್ ಕ್ಯಾಮೆರಾದಲ್ಲಿ ನಕ್ಷತ್ರ ಚುಕ್ಕಿಯಾಗಿಯೇ ಬರಬೇಕೇ? ಫೋಕಸ್ ಹಿಡಿಯುವುದು ಹೀಗೆ

ಡಿಜಿಟಲ್ ಕ್ಯಾಮೆರಾದಲ್ಲಿ ಫೋಕಸ್ ತಪ್ಪಿದರೆ ಅಲ್ಲೇ ಗೊತ್ತಾಗುತ್ತದೆ. ಪರದೆಯಲ್ಲಿ ನಕ್ಷತ್ರವನ್ನು ದೊಡ್ಡದು ಮಾಡಿ ನೋಡಿ, ಸರಿ ಮಾಡಿ, ಮತ್ತೆ ತೆಗೆಯಬಹುದು. ಫಿಲ್ಮ್‌ನಲ್ಲಿ ಆ ಸೌಲಭ್ಯ ಇಲ್ಲ. ಮೇಲುಕೋಟೆ ಕಡೆಗೆ ಹೋಗಿ, ರಾತ್ರಿಯೆಲ್ಲ ಇಬ್ಬನಿಯಲ್ಲಿ ನಿಂತು ಒಂದು ರೀಲು ಪೂರ್ತಿ ಮುಗಿಸಿ, ಅದನ್ನು ಡೆವಲಪ್‌ಗೆ ಕೊಟ್ಟು, ನೆಗೆಟಿವ್ ಕೈಗೆ ಬಂದ ಮೇಲಷ್ಟೇ ನಕ್ಷತ್ರ ಚುಕ್ಕಿಯಾಗಿದೆಯೋ ಬಟಾಣಿ ಕಾಳಾಗಿದೆಯೋ ಅಂತ ತಿಳಿಯುವುದು. ಅದಕ್ಕೇ ಫಿಲ್ಮ್‌ನಲ್ಲಿ ಆಕಾಶ ತೆಗೆಯುವವರು ಫೋಕಸ್ ಕೆಲಸವನ್ನು ಮೊದಲೇ, ಮನೆಯ ತಾರಸಿಯ ಮೇಲೆಯೇ ಮುಗಿಸಿಕೊಂಡಿರಬೇಕು. ಇದಕ್ಕೆ ಕತ್ತಲೆಯ ಆಕಾಶ ಬೇಕಿಲ್ಲ, ಒಂದು ಹೊಳೆಯುವ ನಕ್ಷತ್ರ ಕಂಡರೆ ಸಾಕು. ಮೈಸೂರಿನ ಕುವೆಂಪುನಗರದ ತಾರಸಿಯೂ ಆಗುತ್ತದೆ, ಮಂಡ್ಯದ ಸುಭಾಷ್‌ನಗರದ ತಾರಸಿಯೂ ಆಗುತ್ತದೆ.

ನಾನು ಇಲ್ಲಿ ಹೇಳಬೇಕೆಂದಿರುವುದು ಒಂದೇ. ವ್ಯೂಫೈಂಡರ್, ಅಂದರೆ ಕ್ಯಾಮೆರಾದ ಹಿಂದೆ ಕಣ್ಣಿಟ್ಟು ನೋಡುವ ಕಿಂಡಿ, ಏನು ತೋರಿಸುತ್ತದೆ ಅನ್ನುವುದು ಕೊನೆಯ ಮಾತಲ್ಲ. ಫಿಲ್ಮ್ ಕೂರುವ ಜಾಗದಲ್ಲಿ ಬಿಂಬ ಹೇಗಿದೆ ಅನ್ನುವುದೇ ಕೊನೆಯ ಮಾತು. ಆ ಜಾಗವನ್ನು ನೋಡುವುದು ಹೇಗೆ ಅನ್ನುವುದನ್ನೇ ಈಗ ಹೇಳುತ್ತೇನೆ.

ಅನಂತದ ಗುರುತನ್ನು ಯಾಕೆ ನಂಬಬಾರದು

ಲೆನ್ಸ್ ಮೇಲೆ ಮಲಗಿದ ಎಂಟರ ಹಾಗೆ ಒಂದು ಗುರುತು ಇರುತ್ತದಲ್ವಾ, ಅದೇ ಅನಂತದ ಗುರುತು. ಉಂಗುರವನ್ನು ಅಲ್ಲಿಗೆ ತಿರುಗಿಸಿಬಿಟ್ಟರೆ ನಕ್ಷತ್ರ ಫೋಕಸ್ ಆಗಲೇಬೇಕು ಅಂತ ತುಂಬಾ ಜನ ಅಂದುಕೊಂಡಿರುತ್ತಾರೆ. ಹಗಲಿನ ಬೆಟ್ಟಗುಡ್ಡಕ್ಕೆ ಅದು ಸಾಕು. ನಕ್ಷತ್ರಕ್ಕೆ ಸಾಲದು. ಉದ್ದನೆಯ ಟೆಲಿ ಲೆನ್ಸ್‌ಗಳನ್ನು ಬೇಕೆಂದೇ ಅನಂತ ದಾಟಿಯೂ ಸ್ವಲ್ಪ ತಿರುಗುವಂತೆ ಮಾಡಿರುತ್ತಾರೆ, ಯಾಕೆಂದರೆ ಬಿಸಿ-ತಂಪಿಗೆ ಲೋಹ ಹಿಗ್ಗಿ ಕುಗ್ಗುತ್ತದೆ. ಹಳೆಯ 50 ಮಿ.ಮೀ. ಲೆನ್ಸ್‌ಗಳು ಸಾಮಾನ್ಯವಾಗಿ ಅನಂತಕ್ಕೇ ಬಂದು ನಿಲ್ಲುತ್ತವೆ. ಆದರೆ ಯಾರೋ ಒಮ್ಮೆ ಬಿಚ್ಚಿ, ಫಂಗಸ್ ಒರೆಸಿ, ಮತ್ತೆ ಜೋಡಿಸಿದ ಲೆನ್ಸ್ ಆಗಿದ್ದರೆ ಆ ನಿಲ್ಲುವ ಜಾಗ ಸರಿ ಇರುತ್ತದೆ ಅನ್ನಲು ಆಗುವುದಿಲ್ಲ. ನಮ್ಮಲ್ಲಿ ಕೈ ಬದಲಾಗಿ ಬರುವ ಹಳೆಯ ಲೆನ್ಸ್‌ಗಳಲ್ಲಿ ಇದು ಮಾಮೂಲಿ.

ಎಷ್ಟು ತಪ್ಪಾದರೆ ಎಷ್ಟು ಕೆಡುತ್ತದೆ ಅನ್ನುವ ಲೆಕ್ಕ ಸುಲಭ. ಬಿಂಬ ಫಿಲ್ಮ್‌ನಿಂದ ಎಷ್ಟು ಮುಂದೆ ಅಥವಾ ಹಿಂದೆ ಬಿದ್ದಿದೆಯೋ ಅದನ್ನು ಎಫ್ ಸಂಖ್ಯೆಯಿಂದ (ಲೆನ್ಸಿನ ಕಿಂಡಿ ಎಷ್ಟು ತೆರೆದಿದೆ ಅನ್ನುವ ಸಂಖ್ಯೆ, ಅದು ಚಿಕ್ಕದಾದಷ್ಟೂ ಕಿಂಡಿ ದೊಡ್ಡದು) ಭಾಗಿಸಿ. ಬರುವ ಉತ್ತರವೇ ನಕ್ಷತ್ರದ ಮಸುಕಿನ ಅಗಲ. ಎಫ್/4ರಲ್ಲಿ 0.1 ಮಿ.ಮೀ. ತಪ್ಪಾದರೆ ಮಸುಕು 0.025 ಮಿ.ಮೀ. ಇದು ಹೆಚ್ಚುಕಡಿಮೆ ಕಣ್ಣು ಮುಚ್ಚಿಕೊಳ್ಳಬಹುದಾದ ಗಡಿ. ಎಫ್/2ರಲ್ಲಿ ಅಷ್ಟೇ ತಪ್ಪಿಗೆ ಮಸುಕು 0.05 ಮಿ.ಮೀ. ಆಗುತ್ತದೆ, ಪ್ರಿಂಟ್ ಹಾಕಿಸಿದರೆ ಎದ್ದು ಕಾಣುತ್ತದೆ. 200 ಮಿ.ಮೀ. ಲೆನ್ಸಿನಲ್ಲಿ ಈ 0.1 ಮಿ.ಮೀ. ಅಂದರೆ ಫೋಕಸ್ ಉಂಗುರದ ಮೇಲೆ ಸುಮಾರು ಒಂದು ಮಿ.ಮೀ. ತಿರುವು, ಅಷ್ಟೇ. ಚೀಲದಿಂದ ತೆಗೆಯುವಾಗ ಬೆರಳು ತಾಗಿದರೂ ಅಷ್ಟು ತಿರುಗಿಬಿಡುತ್ತದೆ.

ಏನೇನು ಹೊಂದಿಸಿಕೊಳ್ಳಬೇಕು

ಕ್ಯಾಮೆರಾ ‘ಬಿ’ ಗುರುತಿನಲ್ಲಿ, ಗುಂಡಿ ಒತ್ತಿರುವಷ್ಟು ಹೊತ್ತೂ ಶಟರ್ ತೆರೆದಿಡಬಲ್ಲ ಎಸ್‌ಎಲ್‌ಆರ್ (ಒಳಗಿನ ಕನ್ನಡಿಯಿಂದ ಲೆನ್ಸಿನ ಮೂಲಕವೇ ನೋಡುವ ಕ್ಯಾಮೆರಾ) ಆಗಿರಲಿ. ನಿಕಾನ್ ಎಫ್‌ಎಂ2, ಪೆಂಟಾಕ್ಸ್ ಕೆ1000, ಒಲಿಂಪಸ್ ಓಎಂ-1 ಇವೆಲ್ಲ ಈ ಕೆಲಸಕ್ಕೆ ಹೇಳಿ ಮಾಡಿಸಿದ ಹಾಗಿವೆ, ಯಾಕೆಂದರೆ ಇವುಗಳ ಶಟರ್‌ಗೆ ಬ್ಯಾಟರಿ ಬೇಕಿಲ್ಲ. ಕೆನಾನ್ ಎಇ-1 ಥರದ್ದರಲ್ಲಿ ಶಟರ್ ತೆರೆದಿರುವಷ್ಟು ಹೊತ್ತೂ ಬ್ಯಾಟರಿ ಖರ್ಚಾಗುತ್ತದೆ. ಆಗುವುದಿಲ್ಲ ಅಂತಲ್ಲ, ಹೊಸ ಬ್ಯಾಟರಿ ಒಂದು ಜೊತೆಗಿರಲಿ. ತಿರುಪಿನ ಬೀಗ ಇರುವ ಕೇಬಲ್ ರಿಲೀಸ್ ಬೇಕು, ಕ್ಯಾಮೆರಾ ಮುಟ್ಟದೆ ಶಟರ್ ಒತ್ತುವ ತಂತಿ ಅದು. ಅಲ್ಲಾಡದ ಟ್ರೈಪಾಡ್ ಬೇಕು. ವಾಚ್ ರಿಪೇರಿ ಮಾಡುವವರು ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗನ್ನಡಿ ಇದೆಯಲ್ಲ, 8 ಅಥವಾ 10 ಪಟ್ಟು ದೊಡ್ಡದಾಗಿ ತೋರಿಸುವಂಥದ್ದು ತೆಗೆದುಕೊಳ್ಳಿ. ಒಂದು ಶೇವಿಂಗ್ ಬ್ಲೇಡು, ಗ್ರಾಫ್ ಹಾಳೆ, ಅಂಟು ಪಟ್ಟಿ, ದಪ್ಪ ಕಪ್ಪು ರಟ್ಟು. ಇನ್ನು ಒಂದು ಚೂರು ಮಬ್ಬು ಗಾಜು.

ಮಬ್ಬು ಗಾಜನ್ನು ಮನೆಯಲ್ಲೇ ಮಾಡಿಕೊಳ್ಳಬಹುದು. ಬಾತ್‌ರೂಮ್ ಕಿಟಕಿಗೆ ಹಾಕುವ ಗಾಜು ಬೇಡ, ಅದು ತೀರಾ ಒರಟು. ಫೋಟೋ ಫ್ರೇಮ್ ಅಂಗಡಿಯಲ್ಲಿ 2 ಮಿ.ಮೀ. ಗಾಜನ್ನು 34 ಮಿ.ಮೀ. ಅಗಲ, 50 ಮಿ.ಮೀ. ಉದ್ದಕ್ಕೆ ಕತ್ತರಿಸಿ ಕೊಡಿ ಅನ್ನಿ. ಗಾಡಿ ಮೆಕ್ಯಾನಿಕ್ ಹತ್ತಿರ ವಾಲ್ವ್ ಉಜ್ಜುವ ಪೇಸ್ಟ್ ಇರುತ್ತದೆ, ಅದರಲ್ಲಿ ನುಣುಪಾದದ್ದನ್ನು ಸ್ವಲ್ಪ ಕೇಳಿ ತನ್ನಿ. ಇನ್ನೊಂದು ಗಾಜಿನ ಚೂರಿನ ಮೇಲೆ ಪೇಸ್ಟ್ ಮತ್ತು ನೀರು ಹಾಕಿ, ಈ ಗಾಜಿನ ಒಂದು ಮುಖವನ್ನು ಮಾತ್ರ ಸುತ್ತು ಸುತ್ತಾಗಿ ಉಜ್ಜುತ್ತಾ ಹೋಗಿ. ಎಲ್ಲ ಕಡೆ ಸಮನಾಗಿ ಹಾಲುಬಿಳಿ ಬಂದ ಮೇಲೆ ತೊಳೆದುಬಿಡಿ. ಅಂಚುಗಳನ್ನೂ ಉಜ್ಜಿ ಮೊಂಡು ಮಾಡಿಕೊಳ್ಳಿ, ಕೈ ಕೊಯ್ಯದ ಹಾಗೆ.

ಮೊದಲು ಒರಟು ಫೋಕಸ್

ಕ್ಯಾಮೆರಾದಲ್ಲಿ ಫಿಲ್ಮ್ ಇರಕೂಡದು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದಿನ ಹಂತದಲ್ಲಿ ಹಿಂಬಾಗಿಲು ತೆರೆಯಬೇಕಾಗುತ್ತದೆ.

ಸಂಜೆ ಕತ್ತಲಾಗುತ್ತಿದ್ದ ಹಾಗೆ ದೂರದ ಒಂದು ದೀಪಕ್ಕೆ ಫೋಕಸ್ ಮಾಡಿ. ಮೈಸೂರಿನವರಿಗೆ ಚಾಮುಂಡಿ ಬೆಟ್ಟದ ದೀಪಗಳಿವೆ, ಅದಕ್ಕಿಂತ ಒಳ್ಳೆಯ ಗುರಿ ಸಿಗುವುದಿಲ್ಲ. ಆದರೆ ದೂರದ ದೀಪ ಅಂದರೆ ನಕ್ಷತ್ರದಷ್ಟು ದೂರ ಅಂತ ತಿಳಿಯಬೇಡಿ. ಬೆಟ್ಟ 5 ಕಿ.ಮೀ. ದೂರ ಇದ್ದರೆ 50 ಮಿ.ಮೀ. ಲೆನ್ಸಿಗೆ ಬರುವ ವ್ಯತ್ಯಾಸ ಲೆಕ್ಕಕ್ಕೇ ಇಲ್ಲ. 200 ಮಿ.ಮೀ. ಲೆನ್ಸಿಗೂ 0.008 ಮಿ.ಮೀ. ಅಷ್ಟೇ. ಆದರೆ 1000 ಮಿ.ಮೀ. ಟೆಲಿಸ್ಕೋಪಿಗೆ ಕ್ಯಾಮೆರಾ ಕೂರಿಸಿದ್ದರೆ ಅದೇ ದೀಪಕ್ಕೆ 0.2 ಮಿ.ಮೀ. ವ್ಯತ್ಯಾಸ ಬರುತ್ತದೆ, ಅದು ಜಾಸ್ತಿ ಆಯ್ತು. ಟೆಲಿಸ್ಕೋಪ್ ಇದ್ದವರು ನೇರವಾಗಿ ನಕ್ಷತ್ರಕ್ಕೇ ಹೋಗಿ. ಭಾನುವಾರ ಅರಮನೆ ದೀಪ ಹಾಕಿದಾಗ ಅದಕ್ಕೆ ಫೋಕಸ್ ಮಾಡಲು ಮನಸ್ಸಾಗಬಹುದು, ಆದರೆ ಅರಮನೆ ಹತ್ತಿರದ ಮನೆಯವರಿಗೆ ಅದು ತೀರಾ ಹತ್ತಿರ.

ಫೋಕಸ್ ಮಾಡುವಾಗ ಯಾವ ಅಪರ್ಚರ್‌ನಲ್ಲಿ (ಲೆನ್ಸಿನ ಕಿಂಡಿಯ ತೆರವಿನಲ್ಲಿ) ಚಿತ್ರ ತೆಗೆಯುತ್ತೀರೋ ಅದನ್ನೇ ಇಟ್ಟುಕೊಳ್ಳಿ. ಎಫ್/1.8 ಲೆನ್ಸನ್ನು ಎಫ್/2.8ಕ್ಕೆ ಇಳಿಸಿದಾಗ ಕೆಲವು ಲೆನ್ಸ್‌ಗಳಲ್ಲಿ ಫೋಕಸ್ ಜಾಗವೇ ಸ್ವಲ್ಪ ಸರಿಯುತ್ತದೆ. ವ್ಯೂಫೈಂಡರ್ ಮಾತ್ರ ಪೂರ್ತಿ ತೆರೆದ ಅಪರ್ಚರ್‌ನ ಬಿಂಬವನ್ನೇ ತೋರಿಸುತ್ತಿರುತ್ತದೆ, ನೀವಾಗಿ ಇಳಿಸಿ ನೋಡದಿದ್ದರೆ.

ನಡುವೆ ಎರಡು ಹೋಳಾಗಿ ಕಾಣುವ ಪ್ರಿಸಂ ಇರುವ ಪರದೆಯಾದರೆ ದೀಪಕ್ಕೋ ಚಂದ್ರನ ಅಂಚಿಗೋ ಅದನ್ನು ಬಳಸಿ. ನಕ್ಷತ್ರಕ್ಕೆ ಅದು ಅಷ್ಟು ಒಗ್ಗುವುದಿಲ್ಲ. ಅದರ ಸುತ್ತ ಇರುವ ಸಾದಾ ಮಬ್ಬು ಭಾಗದಲ್ಲಿ ನಕ್ಷತ್ರವನ್ನು ಇಟ್ಟು ನೋಡುವುದೇ ಮೇಲು. ಉಂಗುರವನ್ನು ಎರಡೂ ಕಡೆಗೆ ತಿರುಗಿಸಿ, ನಕ್ಷತ್ರ ಒಂದೇ ಸಮ ಊದಿಕೊಂಡ ಎರಡು ಜಾಗಗಳನ್ನು ಗುರುತಿಸಿ, ಅವುಗಳ ನಡುವೆ ನಿಲ್ಲಿಸಿ. ಕೊನೆಯ ತಿರುವು ಯಾವಾಗಲೂ ಒಂದೇ ದಿಕ್ಕಿನಿಂದ ಬರಲಿ. ಹಳೆಯ ಉಂಗುರಗಳಲ್ಲಿ ಸ್ವಲ್ಪ ಸಡಿಲು ಇದ್ದೇ ಇರುತ್ತದೆ, ಬಲಕ್ಕೆ ತಿರುಗಿಸಿ ನಿಲ್ಲಿಸಿದ ಜಾಗವೂ ಎಡಕ್ಕೆ ತಿರುಗಿಸಿ ನಿಲ್ಲಿಸಿದ ಜಾಗವೂ ಒಂದೇ ಆಗಿರುವುದಿಲ್ಲ.

ಈಗ ಲೆನ್ಸಿನ ಉಂಗುರದ ಸುತ್ತ ಗ್ರಾಫ್ ಹಾಳೆಯ ಸಣ್ಣ ಪಟ್ಟಿ ಅಂಟಿಸಿ. ಪಕ್ಕದ ತಿರುಗದ ಭಾಗದ ಮೇಲೆ ಒಂದು ಸಣ್ಣ ಗೆರೆ ಎಳೆಯಿರಿ. ಇನ್ನು ಮೇಲೆ ನೀವು ಮಿ.ಮೀ. ಲೆಕ್ಕದಲ್ಲಿ ಮಾತಾಡಬಹುದು.

ಫಿಲ್ಮ್ ಕೂರುವ ಜಾಗದಲ್ಲೇ ನೋಡುವುದು

ಹಿಂಬಾಗಿಲು ತೆರೆಯಿರಿ. ಶಟರಿನ ಚೌಕದ ಮೇಲೆ ಎರಡು, ಕೆಳಗೆ ಎರಡು ಹಳಿಗಳು ಕಾಣುತ್ತವೆ. ಒಳಗಿನ ಎರಡು ಹಳಿಗಳ ಮೇಲೆ ಫಿಲ್ಮ್‌ನ ಮುಖ ಕೂರುತ್ತದೆ. ಹೊರಗಿನ ಎರಡು ಸ್ವಲ್ಪ ಎತ್ತರ ಇರುತ್ತವೆ, ಅವುಗಳ ಮೇಲೆ ಒತ್ತುವ ತಗಡು ಕೂರುತ್ತದೆ. ನಮಗೆ ಬೇಕಾಗಿರುವುದು ಒಳಗಿನ ಹಳಿಗಳು. ಗಾಜನ್ನು 34 ಮಿ.ಮೀ.ಗೆ ಕತ್ತರಿಸಲು ಹೇಳಿದ್ದು ಇದಕ್ಕೇ, 35 ಮಿ.ಮೀ. ಫಿಲ್ಮ್ ಕೂರುವ ಜಾಗದಲ್ಲಿ ಅದೂ ಕೂರಬೇಕು. ಹೊರಗಿನ ಹಳಿಯ ಮೇಲೆ ಕೂತರೆ ಅಳತೆಯೆಲ್ಲ ಸುಳ್ಳು.

ಕೇಬಲ್ ರಿಲೀಸ್ ಒತ್ತಿ, ಬೀಗ ಹಾಕಿ, ‘ಬಿ’ಯಲ್ಲಿ ಶಟರ್ ತೆರೆದಿಡಿ. ಗಾಜಿನ ಮಬ್ಬು ಮುಖ ಲೆನ್ಸ್ ಕಡೆಗೆ ಇರುವಂತೆ ಒಳಗಿನ ಹಳಿಗಳ ಮೇಲೆ ಇಟ್ಟು, ತುದಿಗಳಿಗೆ ಅಂಟು ಪಟ್ಟಿ ಹಾಕಿ. ಆ ಭೂತಗನ್ನಡಿಯಲ್ಲಿ ಹಿಂದಿನಿಂದ ನೋಡಿ. ಲೆನ್ಸ್ ಯಾವ ಬಿಂಬವನ್ನು ಫಿಲ್ಮ್‌ಗೆ ಕೊಡುತ್ತದೋ ಅದೇ ಬಿಂಬ ನಿಮ್ಮ ಕಣ್ಣ ಮುಂದೆ ಇದೆ. ಕನ್ನಡಿ ಇಲ್ಲ, ಪ್ರಿಸಂ ಇಲ್ಲ, ನಡುವೆ ಯಾರೂ ಇಲ್ಲ. ಇಲ್ಲಿ ಫೋಕಸ್ ಸರಿ ಮಾಡಿ, ಗಾಜು ತೆಗೆದು, ಬಾಗಿಲು ಮುಚ್ಚಿ, ಶಟರ್ ಬಿಟ್ಟು, ಈಗ ವ್ಯೂಫೈಂಡರ್‌ನಲ್ಲಿ ಅದೇ ನಕ್ಷತ್ರವನ್ನು ನೋಡಿ. ಅಲ್ಲಿಯೂ ಚೂಪಾಗಿ ಕಂಡರೆ ನಿಮ್ಮ ಕ್ಯಾಮೆರಾ ಒಳ್ಳೆಯ ಸ್ಥಿತಿಯಲ್ಲಿದೆ. ಊದಿಕೊಂಡು ಕಂಡರೆ ಒಳಗಿನ ಕನ್ನಡಿಯೋ ಪರದೆಯೋ ಕೂರುವ ಜಾಗ ಸ್ವಲ್ಪ ಸರಿದಿದೆ ಅಂತ ಅರ್ಥ. ಹಳೆಯ ಕ್ಯಾಮೆರಾಗಳಲ್ಲಿ ಇದು ಇರುವುದೇ. ಅಂಥ ಕ್ಯಾಮೆರಾವನ್ನು ಎಸೆಯಬೇಕಾಗಿಲ್ಲ, ಅದರ ವ್ಯೂಫೈಂಡರನ್ನು ನಕ್ಷತ್ರ ಹುಡುಕಲು ಮಾತ್ರ ಇಟ್ಟುಕೊಳ್ಳಿ.

50 ಮಿ.ಮೀ. ಲೆನ್ಸಿಗೆ ಇಷ್ಟೇ ಸಾಕು. 135, 200, ಅದಕ್ಕೂ ಉದ್ದದ ಲೆನ್ಸ್ ಇದ್ದರೆ ಬ್ಲೇಡಿನ ದಾರಿಗೆ ಬನ್ನಿ.

ಬ್ಲೇಡಿನ ಅಂಚು

ಇದು ನನಗೆ ತುಂಬಾ ಇಷ್ಟವಾದ ಭಾಗ. ಫ್ರಾನ್ಸಿನ ಲಿಯೋನ್ ಫೂಕೊ 1858ರಲ್ಲಿ ದೂರದರ್ಶಕದ ಕನ್ನಡಿಗಳನ್ನು ಪರೀಕ್ಷಿಸಲು ಚೂರಿಯ ಅಂಚನ್ನು ಬಳಸಿದ. ಅದೇ ಉಪಾಯ ನಮ್ಮ ಕ್ಯಾಮೆರಾಕ್ಕೂ ಆಗುತ್ತದೆ, ಮತ್ತು ಮಬ್ಬು ಗಾಜಿನ ಹಾಗೆ ಇದಕ್ಕೆ ಕಾಳುಗಳ ಅಡ್ಡಿ ಇಲ್ಲ.

ಶೇವಿಂಗ್ ಬ್ಲೇಡನ್ನು ಕಾಗದದಲ್ಲಿ ಸುತ್ತಿ ಉದ್ದಕ್ಕೆ ಎರಡು ಹೋಳು ಮಾಡಿ. ಒಂದು ಹೋಳಿನ ತುದಿಗಳನ್ನು ಇಕ್ಕಳದಲ್ಲಿ ಮುರಿದು ಫಿಲ್ಮ್‌ನ ಅಗಲಕ್ಕಿಂತ ಒಂಚೂರು ಚಿಕ್ಕದು ಮಾಡಿಕೊಳ್ಳಿ. ಕಟ್ಟರ್ ಬ್ಲೇಡು ಬೇಡ, ಅದು ದಪ್ಪ. ದಪ್ಪದ ನಡುವೆ ಅಂಚು ಇರುವುದರಿಂದ ಅದು ಹಳಿಯಿಂದ ಮೇಲೆದ್ದು ನಿಲ್ಲುತ್ತದೆ. ಶೇವಿಂಗ್ ಬ್ಲೇಡಿನ ದಪ್ಪ 0.1 ಮಿ.ಮೀ. ಮಾತ್ರ, ಅಂಚು ಹಳಿಯಿಂದ 0.05 ಮಿ.ಮೀ. ದೂರ ಅಷ್ಟೇ, ಅದು ನಮಗೆ ನಡೆಯುತ್ತದೆ. ಬ್ಲೇಡನ್ನು ಮೇಲಿನ ಹಳಿಯಿಂದ ಕೆಳಗಿನ ಹಳಿಗೆ ಸೇತುವೆಯಂತೆ, ಚೌಕದ ಬಲ ಅರ್ಧದಲ್ಲಿ ಬರುವ ಹಾಗೆ ಇಟ್ಟು ಅಂಟಿಸಿ. ಚೂಪು ಅಂಚು ಚೌಕದ ನಡುವೆ ಬರಲಿ. ಶಟರ್ ತೆರೆದು ಬೀಗ ಹಾಕಿದ ಮೇಲೆಯೇ ಬ್ಲೇಡ್ ಇಡಬೇಕು, ಬ್ಲೇಡ್ ತೆಗೆದ ಮೇಲೆಯೇ ಶಟರ್ ಬಿಡಬೇಕು. ಶಟರಿನ ಪರದೆ ತುಂಬಾ ಸೂಕ್ಷ್ಮ, ಒಮ್ಮೆ ತಾಗಿದರೆ ಮುಗಿಯಿತು.

ಒಂದು ಹೊಳೆಯುವ ನಕ್ಷತ್ರವನ್ನು ಚೌಕದ ನಡುವೆ ತನ್ನಿ. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ರೋಹಿಣಿ, ಲುಬ್ಧಕ ಇವೆ. ಮಾರ್ಚ್, ಏಪ್ರಿಲ್‌ನಲ್ಲಿ ಮಘಾ ನಕ್ಷತ್ರ ನಮ್ಮ ನೆತ್ತಿಯ ಮೇಲೆಯೇ ಹಾದು ಹೋಗುತ್ತದೆ. ಮೇ ತಿಂಗಳಲ್ಲಿ ಸ್ವಾತಿ. ಮಳೆ ಬಿಟ್ಟ ಮೇಲೆ ಅಕ್ಟೋಬರ್‌ನಲ್ಲಿ ಶ್ರವಣ. ಧ್ರುವ ನಕ್ಷತ್ರ ಓಡುವುದಿಲ್ಲ, ಅದೇ ಸುಲಭ ಅಂತ ಪುಸ್ತಕಗಳಲ್ಲಿ ಓದಿರಬಹುದು. ಮೈಸೂರು, ಮಂಡ್ಯಕ್ಕೆ ಅದು ಆಗಿಬರುವುದಿಲ್ಲ. ಇಲ್ಲಿ ಅದು ದಿಗಂತದಿಂದ ಸುಮಾರು 12 ಡಿಗ್ರಿ ಮಾತ್ರ ಮೇಲಿರುತ್ತದೆ, ಧೂಳು ಮತ್ತು ಊರಿನ ಬೆಳಕಿನಲ್ಲಿ ಮುಳುಗಿರುತ್ತದೆ.

ಕಣ್ಣನ್ನು ಬ್ಲೇಡಿನ ಹಿಂದೆ ಹತ್ತಿರ ತನ್ನಿ, ಭೂತಗನ್ನಡಿ ಬೇಡ. ನಕ್ಷತ್ರದ ಬೆಳಕು ಕಣ್ಣಿಗೆ ಬಿದ್ದ ಕೂಡಲೇ ಲೆನ್ಸ್ ಪೂರ್ತಿ ಬೆಳಗಿದ ತಟ್ಟೆಯ ಹಾಗೆ ಕಾಣುತ್ತದೆ. ಈಗ ಟ್ರೈಪಾಡ್ ತಲೆಯನ್ನು ಸ್ವಲ್ಪ ಸ್ವಲ್ಪವೇ ತಿರುಗಿಸಿ ನಕ್ಷತ್ರವನ್ನು ಬ್ಲೇಡಿನ ಅಂಚಿಗೆ ತನ್ನಿ. ತಟ್ಟೆಯ ಮೇಲೆ ನೆರಳು ಯಾವ ಕಡೆಯಿಂದ ಬರುತ್ತದೆ ಅನ್ನುವುದನ್ನು ಗಮನವಿಟ್ಟು ನೋಡಿ. ಬ್ಲೇಡ್ ಇರುವ ಬಲಗಡೆಯಿಂದಲೇ ನೆರಳು ಬಂದರೆ ಬಿಂಬ ಫಿಲ್ಮ್‌ನ ಹಿಂದೆ ಬೀಳುತ್ತಿದೆ, ಅಂದರೆ ಉಂಗುರ ಅನಂತವನ್ನು ದಾಟಿ ಹೋಗಿದೆ. ಹತ್ತಿರದ ದೂರಗಳ ಕಡೆಗೆ ಒಂಚೂರು ವಾಪಸ್ ತಿರುಗಿಸಿ. ನೆರಳು ಎದುರು ಕಡೆಯಿಂದ, ಎಡದಿಂದ ಬಂದರೆ ಉಂಗುರ ಇನ್ನೂ ಅನಂತವನ್ನು ಮುಟ್ಟಿಲ್ಲ, ಆ ಕಡೆಗೆ ತಿರುಗಿಸಿ. ನೆರಳು ಯಾವ ಕಡೆಯಿಂದಲೂ ಬರದೆ ಇಡೀ ತಟ್ಟೆ ಒಟ್ಟಿಗೇ ಕಪ್ಪಾದರೆ ಅದೇ ಫೋಕಸ್. ಅಲ್ಲಿಗೆ ಬರುವ ಹೊತ್ತಿಗೆ ಉಂಗುರವನ್ನು ಎಷ್ಟು ಸ್ವಲ್ಪ ತಿರುಗಿಸಿದರೂ ನೆರಳಿನ ದಿಕ್ಕು ಬದಲಾಗುವುದು ಕಾಣುತ್ತದೆ. ಒಮ್ಮೆ ಇದನ್ನು ನೋಡಿದವರು ಮತ್ತೆ ವ್ಯೂಫೈಂಡರ್‌ಗೆ ಹೋಗುವುದಿಲ್ಲ ಅಂತ ನಾನು ಧೈರ್ಯವಾಗಿ ಹೇಳುತ್ತೇನೆ.

ಗ್ರಾಫ್ ಪಟ್ಟಿಯ ಮೇಲೆ ಆ ಜಾಗಕ್ಕೆ ಚುಕ್ಕಿ ಹಾಕಿ. ನಾಲ್ಕೈದು ಸಲ ಉಂಗುರ ಕೆಡಿಸಿ ಮತ್ತೆ ಹುಡುಕಿ, ಚುಕ್ಕಿಗಳೆಲ್ಲ ಒಂದು ಮಿ.ಮೀ. ಒಳಗೆ ಬೀಳಬೇಕು.

ಫಿಲ್ಮ್ ಮೇಲೆಯೇ ರುಜುವಾತು

ಫಿಲ್ಮ್ ಹಳಿಯ ಮೇಲೆ ಗಾಜಿನಷ್ಟು ಸಪಾಟಾಗಿ ಕೂರುವುದಿಲ್ಲ. ಹಾಗಾಗಿ ಒಂದೇ ಒಂದು ಸಲ ಫಿಲ್ಮ್ ಮೇಲೆ ಪರೀಕ್ಷೆ ಮಾಡಿಬಿಡಿ, ಆ ಲೆನ್ಸ್ ಮತ್ತು ಆ ಬಾಡಿಗೆ ಅದೇ ದಾಖಲೆ.

ಐಎಸ್‌ಒ 400 ಫಿಲ್ಮ್ ಹಾಕಿ. ಮಹಾವ್ಯಾಧನ (ಓರಿಯನ್) ನಡುಪಟ್ಟಿಯ ಮೂರು ನಕ್ಷತ್ರಗಳನ್ನು ಫ್ರೇಮಿಗೆ ತನ್ನಿ, ಅವು ಆಕಾಶದ ಸಮಭಾಜಕಕ್ಕೆ ಹತ್ತಿರ ಇರುವುದರಿಂದ ಜೋರಾಗಿ ಸರಿಯುತ್ತವೆ. 200 ಮಿ.ಮೀ. ಲೆನ್ಸಿನಲ್ಲಿ ಅವುಗಳ ಬಿಂಬ ಫಿಲ್ಮ್ ಮೇಲೆ 30 ಸೆಕೆಂಡಿಗೆ ಸುಮಾರು 0.44 ಮಿ.ಮೀ. ಗೆರೆ ಎಳೆಯುತ್ತದೆ. ಶಟರ್ ತೆರೆದಿಟ್ಟು ರಟ್ಟನ್ನು ಲೆನ್ಸ್ ಮುಂದೆ ಹಿಡಿದು ತೆಗೆದು ಕೆಲಸ ಮಾಡಬೇಕು. ಉಂಗುರವನ್ನು ಚುಕ್ಕಿಗಿಂತ 3 ಮಿ.ಮೀ. ಹಿಂದೆ ಇಟ್ಟು ಮೊದಲ ಗೆರೆಗೆ 60 ಸೆಕೆಂಡ್ ಕೊಡಿ, ಆರಂಭ ಯಾವ ಕಡೆ ಅಂತ ಆಮೇಲೆ ಗೊತ್ತಾಗಬೇಕಲ್ಲ. ರಟ್ಟು ಅಡ್ಡ ಹಿಡಿದು 20 ಸೆಕೆಂಡ್ ಬಿಡಿ, ಆ ಹೊತ್ತಿನಲ್ಲಿ ಉಂಗುರವನ್ನು 1 ಮಿ.ಮೀ. ತಿರುಗಿಸಿ. ರಟ್ಟು ತೆಗೆದು 30 ಸೆಕೆಂಡ್. ಮತ್ತೆ ರಟ್ಟು, ಮತ್ತೆ 1 ಮಿ.ಮೀ. ಚುಕ್ಕಿಯ ಆ ಕಡೆ 3 ಮಿ.ಮೀ. ಆಗುವವರೆಗೆ ಹೀಗೇ ಮಾಡಿ. ಒಂದೇ ಫ್ರೇಮಿನಲ್ಲಿ ಏಳು ತುಂಡು ಗೆರೆ ಸಿಗುತ್ತವೆ, ಅತಿ ತೆಳ್ಳನೆಯದು ನಿಮ್ಮ ಫೋಕಸ್. 50 ಮಿ.ಮೀ. ಲೆನ್ಸಾದರೆ ಪ್ರತಿ ತುಂಡಿಗೆ ಎರಡು ನಿಮಿಷ, ನಡುವೆ ಒಂದು ನಿಮಿಷ ಬಿಡಿ.

ಓದುವುದು ಇನ್ನೂ ಸುಲಭವಾಗಬೇಕಾದರೆ ಲೆನ್ಸ್ ಮುಂದೆ ಎರಡು ತೂತಿನ ರಟ್ಟು ಕಟ್ಟಿ. ತೂತುಗಳು ಲೆನ್ಸಿನ ಅಂಚುಗಳ ಹತ್ತಿರ, ಒಂದು ಉತ್ತರಕ್ಕೆ ಒಂದು ದಕ್ಷಿಣಕ್ಕೆ ಇರಲಿ. ಫೋಕಸ್ ತಪ್ಪಿದ ಕಡೆ ಪ್ರತಿ ನಕ್ಷತ್ರ ಜೋಡಿ ಗೆರೆ ಎಳೆಯುತ್ತದೆ, ಸರಿಯಿದ್ದ ಕಡೆ ಎರಡೂ ಸೇರಿ ಒಂದಾಗುತ್ತವೆ.

ಹೊರಡುವ ರಾತ್ರಿ

ಮೇಲುಕೋಟೆಯೋ, ಪಾಂಡವಪುರದ ಕುಂತಿಬೆಟ್ಟದ ಆಚೆಯೋ, ಎಲ್ಲಿಗಾದರೂ ಹೋಗಿ, ಒಂದು ಗಂಟೆ ಮುಂಚೆ ತಲುಪಿ. ಕಾರಿನ ಬಿಸಿಯಿಂದ ಹೊರಗೆ ತಂದ ಲೆನ್ಸ್ ತಣ್ಣಗಾಗಲಿ. 200 ಮಿ.ಮೀ. ಉದ್ದದ ಅಲ್ಯೂಮಿನಿಯಂ ಕೊಳವೆ 10 ಡಿಗ್ರಿ ತಣ್ಣಗಾದರೆ ಸುಮಾರು 0.046 ಮಿ.ಮೀ. ಕುಗ್ಗುತ್ತದೆ. ಎಫ್/4ರಲ್ಲಿ ಅದನ್ನು ಬಿಟ್ಟುಬಿಡಬಹುದು. 1000 ಮಿ.ಮೀ. ಟೆಲಿಸ್ಕೋಪಿನಲ್ಲಿ ಅದೇ 0.23 ಮಿ.ಮೀ. ಆಗುತ್ತದೆ, ಅಲ್ಲಿ ಬ್ಲೇಡಿನ ಪರೀಕ್ಷೆಯನ್ನು ಜಾಗದಲ್ಲೇ ಮಾಡಿ ಆಮೇಲೆ ಫಿಲ್ಮ್ ಹಾಕಬೇಕು.

ಉಂಗುರವನ್ನು ಗುರುತಿಗೆ ತಂದು, ಎರಡು ಕಡೆ ಟೇಪ್ ಹಾಕಿ ಕಟ್ಟಿಬಿಡಿ. ಫಿಲ್ಮ್ ಮುಂದಕ್ಕೆ ತಳ್ಳಿದ ಮೇಲೆ ಅದನ್ನು ವಾಪಸ್ ಸುತ್ತುವ ಗುಂಡಿಯನ್ನು ಮೆಲ್ಲಗೆ ತಿರುಗಿಸಿ ಸಡಿಲು ತೆಗೆಯಿರಿ, ಎರಡು ಮೂರು ನಿಮಿಷ ಸುಮ್ನೆ ಬಿಡಿ, ಫಿಲ್ಮ್ ಹೊಸ ಜಾಗದಲ್ಲಿ ಹೊಂದಿಕೊಳ್ಳಲಿ. ಓಎಂ-1ರಲ್ಲಿ ಕನ್ನಡಿ ಎತ್ತಿಡುವ ಗುಂಡಿ ಇದೆ. ಎಫ್‌ಎಂ2ರಲ್ಲಿ ಸೆಲ್ಫ್ ಟೈಮರ್ ಹಾಕಿದರೆ ಕನ್ನಡಿ ಮೊದಲೇ ಏಳುತ್ತದೆ. ಯಾವುದೂ ಇಲ್ಲದಿದ್ದರೆ ಅದೇ ಕಪ್ಪು ರಟ್ಟು ಅಡ್ಡ ಹಿಡಿದು ಶಟರ್ ತೆರೆದು, ಅಲುಗಾಟ ನಿಂತ ಮೇಲೆ ರಟ್ಟು ತೆಗೆಯಿರಿ.

ನಾಲೆ, ಗದ್ದೆ ಹತ್ತಿರ ನಿಲ್ಲಬೇಡಿ. ವಿಸಿ (ವಿಶ್ವೇಶ್ವರಯ್ಯ) ನಾಲೆಯ ಬಯಲಿನಲ್ಲಿ ಚಳಿಗಾಲದ ನಡುರಾತ್ರಿ ಕಳೆದರೆ ಇಬ್ಬನಿ ಲೆನ್ಸನ್ನು ಮುಚ್ಚಿಬಿಡುತ್ತದೆ, ಮಸುಕಾದ ನೆಗೆಟಿವ್ ನೋಡಿ ಫೋಕಸ್ ತಪ್ಪಿತು ಅಂತ ತಪ್ಪು ತಿಳಿಯುತ್ತೀರಿ. ಎತ್ತರದ ಬಂಡೆ ಜಾಗ ಮೇಲು. ಲೆನ್ಸಿಗೆ ಉದ್ದನೆಯ ರಟ್ಟಿನ ಕೊಳವೆ ಹಾಕಿ. ಆಲೆಮನೆ ಹೊಗೆ ಗಾಳಿಯಲ್ಲಿ ಬರುವ ಕಡೆಯೂ ಬೇಡ.

ಇನ್ನೊಂದು ಮಾತು ಲ್ಯಾಬಿನ ಬಗ್ಗೆ. ರೀಲಿನ ಮೊದಲ ಫ್ರೇಮನ್ನು ಹಗಲಿನಲ್ಲಿ ಏನಾದರೂ ಸಾದಾ ದೃಶ್ಯ ತೆಗೆದು ಇಟ್ಟಿರಿ. ನಕ್ಷತ್ರದ ನೆಗೆಟಿವ್‌ನಲ್ಲಿ ಫ್ರೇಮಿನ ಅಂಚು ಕಾಣುವುದಿಲ್ಲ, ಕತ್ತರಿಸುವವರು ಫ್ರೇಮಿನ ನಡುವೆಯೇ ಕತ್ತರಿ ಹಾಕಿಬಿಡಬಹುದು, ಖಾಲಿ ರೀಲು ಅಂತ ಸ್ಕ್ಯಾನ್ ಮಾಡದೆ ಬಿಡಲೂಬಹುದು. ಡಬ್ಬಿಯ ಮೇಲೆ ದಪ್ಪಗೆ ಬರೆದು ಕೊಡಿ: ಕತ್ತರಿಸಬೇಡಿ, ಪೂರ್ತಿ ಉದ್ದ ಹಾಗೇ ಬೇಕು.